ಪೆಟ್ಟಿಗೆ ಎರಡು, ಕಬ್ಬಿಣ ಒಂದು

ನನ್ನ ಅಕ್ಷರ ಗುಂಡಗಿಲ್ಲ, ಸಾಲು ಕೆಳಗೆ ಜಾರುತ್ತದೆ, ಗೊತ್ತಿರುವ ಮಾತೂ ಕಡಿಮೆ. ಶಾಲೆ ನಡುವೆಯೇ ಬಿಟ್ಟವಳು, ಓದುವವರು ಕ್ಷಮಿಸಬೇಕು. ಇದು ನನ್ನ ಪಪ್ಪ ಬೊನವೆಂಚರರ ಸಂಗತಿ. ಅವರು ಹೇಳಿದ್ದನ್ನು ಎರಡೆರಡು ಸಲ ಕೇಳಿ, ಹೆಸರು ಹಿಡಿದೇ ಬರೆದಿದ್ದೇನೆ.

ಕುವೈತಿನ ಶುವೈಖ್‌ನ ಗ್ಯಾರೇಜು ಬೀದಿಯಲ್ಲಿ ಬೊನವೆಂಚರ್ ಇಪ್ಪತ್ತಾರು ವರ್ಷದಿಂದ ಹಾಲ್ಬರ್ಗ್ ಲಾರಿಯ ಸ್ಪೇರ್ ಪಾರ್ಟ್ಸ್ ಕೊಡುತ್ತಿದ್ದಾರೆ. ತಲೆಯ ಮೇಲೆ ಹಾಲ್ಬರ್ಗ್ ಟೋಪಿ, ಜೇಬಿನಲ್ಲಿ ಹಾಲ್ಬರ್ಗ್ ಪೆನ್ನು. ಅಬ್ಬಾಸಿಯಾದ ಮನೆಯಲ್ಲಿ ಯೇಸುವಿನ ಪಟದ ಪಕ್ಕದಲ್ಲೇ ಹಾಲ್ಬರ್ಗ್ ಕ್ಯಾಲೆಂಡರು. ಅದರಲ್ಲಿ ಹಿಮದ ಬೆಟ್ಟ ಹತ್ತುವ ಲಾರಿ. ಕುವೈತಿನಲ್ಲಿ ಅದು ಹತ್ತಬೇಕಾದ ಅತಿ ದೊಡ್ಡ ಏರು ಫ್ಲೈಓವರ್.

ರಸ್ತೆಯಾಚೆ ಟೋರ್ವಿಕ್ ಲಾರಿಯ ಕೌಂಟರು. ಅಲ್ಲಿರುವವರು ಉಳ್ಳಾಲದ ಅಹ್ಮದ್ ಕುಂಞಿ. ಇಬ್ಬರ ಊರಿನ ನಡುವೆ ಒಂದು ಸೇತುವೆ, ಇಬ್ಬರ ಕೌಂಟರಿನ ನಡುವೆ ಒಂದು ರಸ್ತೆ. ಆದರೂ ಇಪ್ಪತ್ತು ವರ್ಷದಲ್ಲಿ ಬೊನವೆಂಚರ್ ಅವರನ್ನು ಒಂದು ಚಹಾಕ್ಕೆ ಕರೆದವರಲ್ಲ. ಟೋರ್ವಿಕ್ ಎಂದರೆ ಅವರಿಗೆ ತಗಡಿನ ಡಬ್ಬ. ಗಿರಾಕಿ ಆ ಹೆಸರು ಎತ್ತಿದರೆ ಕೈ ಒರೆಸಿಕೊಳ್ಳುತ್ತಿದ್ದರು.

ಎರಡೂ ಕಂಪನಿಗಳನ್ನು ಯಾರೋ ಒಬ್ಬನೇ ಕೊಂಡು ಹನ್ನೊಂದು ವರ್ಷವಾಗಿತ್ತು. ಆದರೆ ಕ್ಯಾಲೆಂಡರು ಬೇರೆ ಬೇರೆಯೇ ಬರುತ್ತಿತ್ತು, ಬಡಾಯಿಯೂ. “ಮಾಲೀಕ ಒಂದಾದರೆ ಎಂತಾಯಿತು? ರಕ್ತ ಬೇರೆ,” ಎನ್ನುತ್ತಿದ್ದರು ಬೊನವೆಂಚರ್. ಲಾರಿಗೆ ರಕ್ತ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಈ ವರ್ಷ ಇಲ್ಲಿಯ ಏಜೆನ್ಸಿಗಳೂ ಒಂದಾದವು. ಮ್ಯಾನೇಜರ್ ರಾಜೀವ್ ಮೈಸೂರಿನ ಕಡೆಯವರು. ಇಸ್ತ್ರಿ ಮಾಡಿದ ಅಂಗಿ, ಗ್ರೀಸ್ ಮುಟ್ಟದ ಬೆರಳು. ಪರದೆಯ ಮೇಲೆ ಎರಡು ಲಾರಿಗಳ ಚಿತ್ರ ತೋರಿಸಿ ಹೇಳಿದರು: “ನೋಡಿ ಅಂಕಲ್, ಗೇರ್‌ಬಾಕ್ಸ್ ಒಂದೇ, ಆಕ್ಸಲ್ ಒಂದೇ, ಬ್ರೇಕ್ ಒಂದೇ. ಮುಂದಿನ ಮುಖ ಮಾತ್ರ ಬೇರೆ. ಇನ್ಮೇಲೆ ಒಂದೇ ಕೌಂಟರ್. ಇಬ್ಬರು ಬೇಕಾಗಲ್ಲ.”

“ಮುಖ ತೊಳೆದರೆ ಅದೂ ಒಂದೇ ಆಗಬಹುದು,” ಎಂದರು ಕುಂಞಿ.

ಬೊನವೆಂಚರ್ ನಗಲಿಲ್ಲ. ಅವರ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯಲು ಇಪ್ಪತ್ತು ದಿನವಿತ್ತು. ಕೆಲಸ ಹೋದರೆ ಮನೆಯವರೆಲ್ಲರೂ ಗಂಟುಮೂಟೆ ಕಟ್ಟಬೇಕು. ಅವರ ಬಂಡವಾಳವೆಂದರೆ ನೆನಪೊಂದೇ. ಹಾಲ್ಬರ್ಗ್ ಪೆಟ್ಟಿಗೆಯ ಮೇಲಿನ ಸಾವಿರಾರು ನಂಬರು ಅವರಿಗೆ ಬಾಯಿಪಾಠ. ಪೆಟ್ಟಿಗೆ ಬಿಚ್ಚಿ ನೋಡುವುದು ಹೊಸಬರ ಕೆಲಸವೆಂದು ಅವರ ಎಣಿಕೆ.

ಕೌಂಟರು ಒಂದಾದ ವಾರವೇ ಹನ್ನೆರಡು ನೀರಿನ ಟ್ಯಾಂಕರುಗಳ ಮಾಲೀಕ ಅಬು ಸಾಲೆಂ ಬಂದರು. ಕುವೈತಿ ಮುದುಕ, ಕೈಯಲ್ಲಿ ಕೋಲು. ಹಿಂದೆ ಡ್ರೈವರ್, ಅವನ ಕೈಯಲ್ಲಿ ಕೆಟ್ಟುಹೋದ ಬ್ರೇಕ್ ವಾಲ್ವ್. ಹಾಲ್ಬರ್ಗ್ ಪೆಟ್ಟಿಗೆಯದು ಮುಗಿದಿತ್ತು. ಕುಂಞಿ ಟೋರ್ವಿಕ್ ಪೆಟ್ಟಿಗೆಯೊಂದನ್ನು ತಂದಿಟ್ಟರು.

“ಇದೇ ಸಾಮಾನು,” ಎಂದು ರಾಜೀವ್ ಬೊನವೆಂಚರರಿಗೆ ಸನ್ನೆ ಮಾಡಿದರು. ಬೊನವೆಂಚರ್ ಅದನ್ನು ಅರಬ್ಬಿಯಲ್ಲಿ ಹೇಳಿದರು. ನಾಲಿಗೆ ಮೇಲೆ ಮರಳು ಬಿದ್ದ ಹಾಗಿತ್ತು.

ಮುದುಕ ಕೋಲಿನ ತುದಿಯಿಂದ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿದರು. “ಇದು ಕಸ ಅಂತ ಇಪ್ಪತ್ತು ವರ್ಷ ನೀನೇ ಹೇಳಿದೆ. ಆಗ ಹೇಳಿದ್ದು ಸುಳ್ಳೋ, ಈಗ ಹೇಳುವುದು ಸುಳ್ಳೋ?”

ಬೊನವೆಂಚರ್ ಡ್ರೈವರನ ಕೈಯಿಂದ ಹಳೆಯ ವಾಲ್ವ್ ತೆಗೆದುಕೊಂಡು ಡೀಸೆಲ್ ಬಟ್ಟೆಯಿಂದ ಒರೆಸಿದರು. ಕಬ್ಬಿಣದಲ್ಲೇ ಎರಕ ಹೊಯ್ದ ಸಣ್ಣ ನಂಬರು ಕಂಡಿತು. ಕಣ್ಣಿಗೆ ಸರಿಯಾಗಿ ಸಿಗದೆ ಬೆರಳಿನಿಂದ ಸವರಿ ಓದಿದರು. ಆಮೇಲೆ ಟೋರ್ವಿಕ್ ಪೆಟ್ಟಿಗೆ ಬಿಚ್ಚಿ ಅದನ್ನೂ ಸವರಿದರು. ಅದೇ ನಂಬರು, ಅದೇ ಕಾರ್ಖಾನೆಯ ಗುರುತು. ಹಳೆಯದರ ಮೇಲೆ ಎರಕದ ವರ್ಷವೂ ಇತ್ತು: ಒಂಬತ್ತು ವರ್ಷದ ಹಿಂದಿನದು. ಅದನ್ನು ಅವರೇ, ಹಾಲ್ಬರ್ಗ್ ಪೆಟ್ಟಿಗೆಯಲ್ಲಿ, ಎದೆಯುಬ್ಬಿಸಿ ಕೊಟ್ಟಿದ್ದರು.

“ಆಗ ನನಗೆ ಗೊತ್ತಿರಲಿಲ್ಲ,” ಎಂದರು ಬೊನವೆಂಚರ್. “ನೋಡಬೇಕಿತ್ತು. ನೋಡಲಿಲ್ಲ.”

ಮುದುಕ ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. “ಹಾಗಾದರೆ ಪೆಟ್ಟಿಗೆಗೆ ಇಷ್ಟು ವರ್ಷ ದುಡ್ಡು ಕೊಟ್ಟೆ. ಖಲಾಸ್,” ಎಂದು ಹೊಸದನ್ನು ಡ್ರೈವರನಿಗೆ ಕೊಟ್ಟು ಹೊರಟರು.

ಅವರು ಹೋದ ಮೇಲೆ ಕುಂಞಿ ಕಪಾಟು ಸರಿಮಾಡುತ್ತ ಹೇಳಿದರು: “ನನಗೆ ಮೊದಲೇ ಗೊತ್ತುಂಟು. ನಾನು ಪೆಟ್ಟಿಗೆ ನೋಡುವವನೇ ಅಲ್ಲ, ಕಬ್ಬಿಣ ನೋಡುವುದು. ನನ್ನಲ್ಲಿ ಖಾಲಿಯಾದಾಗ ಗಿರಾಕಿಯ ಡ್ರೈವರನ್ನು ಕಳಿಸಿ ನಿಮ್ಮಿಂದಲೇ ತರಿಸಿದ್ದೇನೆ, ಎಷ್ಟೋ ಸಲ.”

“ಹೇಳಬಹುದಿತ್ತಲ್ಲ ಮಾರಾಯ್ರೆ.”

“ಎಲ್ಲಿ ಹೇಳುವುದು? ಒಂದು ಚಹಾಕ್ಕಾದರೂ ಕರೆದದ್ದುಂಟಾ ನೀವು?”

ಬೊನವೆಂಚರ್ ಟೋಪಿ ತೆಗೆದು ಕೌಂಟರಿನ ಕೆಳಗಿಟ್ಟರು.

ಸಂಜೆ ರಾಜೀವ್ ಕಂಪ್ಯೂಟರಿನಲ್ಲಿ ಹಳೆಯ ಹಾಲ್ಬರ್ಗ್ ನಂಬರುಗಳನ್ನು ಹೊಡೆದರು. ಒಂದೊಂದಕ್ಕೂ ‘ಇಲ್ಲ’ ಎಂದೇ ಬಂತು. ಎರಡು ಕಂಪನಿ ನುಂಗಿದವರು, ಯಾವ ಪೆಟ್ಟಿಗೆಯಲ್ಲಿ ಯಾವ ಕಬ್ಬಿಣವಿದೆಯೆಂದು ಬರೆದಿಡುವ ಗೋಜಿಗೆ ಹೋಗಿರಲಿಲ್ಲ. ಲಾರಿಯ ಮುಖದ ಜಾಲರಿಗೆ ಬಣ್ಣ ಆರಿಸುವುದರಲ್ಲೇ ಅವರ ಹೊತ್ತು ಕಳೆದಿರಬೇಕು.

“ಕುಂಞಿ ಅಂಕಲ್ ಇರ್ತಾರೆ, ಅದು ಡಿಸೈಡ್ ಆಗಿದೆ,” ಎಂದರು ರಾಜೀವ್. “ನೀವು ಹಳೇ ನಂಬರ್, ಕಬ್ಬಿಣದ ನಂಬರ್ ಎರಡೂ ಇರೋ ಲಿಸ್ಟ್ ಮಾಡಿಕೊಟ್ರೆ ಇಕಾಮಾ ರಿನ್ಯೂ ಮಾಡಿಸ್ತೀನಿ. ಹದಿನೈದು ದಿನ ಟೈಮ್.”

ಬೊನವೆಂಚರ್ ಒಪ್ಪಿ ಮನೆಗೆ ಬಂದರು. ಹಳೆಯ ನಂಬರು ತಲೆಯಲ್ಲಿದೆ. ಕಬ್ಬಿಣದ ನಂಬರು ಓದಲು ಕಣ್ಣಿಲ್ಲ. ಊಟಕ್ಕೆ ಕೂತಾಗ ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿ, “ಆ ತಗಡಿನ ಡಬ್ಬವನ್ನು ತೆಗೆ,” ಎಂದರು. ಮಮ್ಮಿ ವೈಲೆಟ್ ತೆಗೆದು ಮಡಚಿ, ಮೀನು ಹೆಚ್ಚುವಾಗ ಕೆಳಗೆ ಹಾಸಲು ಅಡುಗೆಮನೆಯಲ್ಲಿಟ್ಟರು.

ನಾಳೆ ಶುಕ್ರವಾರ, ಅಂಗಡಿಗೆ ರಜೆ. ಬೆಳಿಗ್ಗೆ ಏಳಕ್ಕೆ ಪಪ್ಪನ ಜೊತೆ ಶುವೈಖ್‌ಗೆ ಹೋಗಿ, ಒಂದೊಂದೇ ಪೆಟ್ಟಿಗೆ ಬಿಚ್ಚಿ, ಕಬ್ಬಿಣದ ನಂಬರನ್ನು ನಾನು ಬರೆದುಕೊಳ್ಳುತ್ತೇನೆ.