ಹೆಗಲಿಗೆ ಹಗುರವಾದ ತೋಟಾ

ನನ್ನ ಗಂಡ ಲಿಂಡ್ಸೆ ಕೂಂಬ್ ಬೇಲಿ ಹಾಕುವವನು. ನಮ್ಮ ಫೇರ್ಲಿ ಊರಿನಿಂದ ಮೇಲಕ್ಕೆ, ಬೆಟ್ಟದ ಬುಡದವರೆಗೆ ಕುರಿ ನುಸುಳದ ಹಾಗೆ ನಿಂತಿರುವ ಬೇಲಿಗಳಲ್ಲಿ ಅರ್ಧಕ್ಕರ್ಧ ಅವನು ಹಾಕಿದ್ದು. ಮಾತು ಬಹಳ ಕಡಿಮೆ. ಮದುವೆಯಾದ ಹೊಸದರಲ್ಲಿ ಇವನಿಗೆ ನನ್ನ ಮೇಲೆ ಏನೋ ಕೋಪ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಈ ಮನುಷ್ಯ ಇರುವುದೇ ಹೀಗೆ. ವರ್ಷಕ್ಕೊಮ್ಮೆ ಮಾತ್ರ ಅವನ ಬಾಯಿ ತೆರೆಯುತ್ತಿತ್ತು. ಏಪ್ರಿಲ್‌ನಲ್ಲಿ, ಗಂಡು ಜಿಂಕೆಗಳು ಬೆದೆಗೆ ಬಂದು ಕಣಿವೆ ನಡುಗುವ ಹಾಗೆ ಕೂಗುವ ಕಾಲದಲ್ಲಿ, ಅಣ್ಣ ರಾಸ್ ಮತ್ತು ಇನ್ನಿಬ್ಬರ ಜೊತೆ ಹೆಲಿಕಾಪ್ಟರ್ ಹತ್ತಿ ಬೆಟ್ಟದಾಚೆಯ ತಗಡಿನ ಗುಡಿಸಲಿಗೆ ಹೋಗುತ್ತಿದ್ದ. ಒಂದು ವಾರ ಬೇಟೆ. ವಾಪಸು ಬಂದವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದ್ದೇ ಹೇಳಿದ್ದು: ಯಾವ ಗಂಡು ಎಲ್ಲಿ ಕೂಗಿತು, ರಾಸ್ ಹೇಗೆ ಹೊಳೆಗೆ ಬಿದ್ದ, ಅನ್ನ ಸೀದು ಹೋದದ್ದು ಯಾರ ದೆಸೆಯಿಂದ. ಆ ಮಾತು ಕೇಳಲು ನಾನು ವರ್ಷವೆಲ್ಲ ಕಾಯುತ್ತಿದ್ದೆ ಎಂದರೆ ನಗಬೇಡಿ. ಬೇಟೆ ನನಗೆ ಬೇಡದ ವಿಷಯ. ಆ ವಾರ ಅವನಿಗೆ ಬೇಕಿತ್ತು.

ಆ ತಂಡ ಕಟ್ಟಿದವನು ನನ್ನ ಮಾವ ಎರಿಕ್. ಹೆಲಿಕಾಪ್ಟರಿನಲ್ಲಿ ನಾಲ್ಕೇ ಜಾಗ, ಸಾಮಾನಿಗೂ ತೂಕದ ಮಿತಿ. ಹಾಗಾಗಿ ಅವನದೊಂದು ಕಟ್ಟಳೆ ಇತ್ತು. ನಾಲ್ವರ ಕೋವಿಯೂ ಮುನ್ನೂರೆಂಟು ಎನ್ನುವ ಅಳತೆಯದೇ ಆಗಿರಬೇಕು, ಎಲ್ಲರ ತೋಟಾಗಳೂ ಮೇಜಿನ ಮೇಲಿನ ಒಂದೇ ಐಸ್‌ಕ್ರೀಮ್ ಡಬ್ಬಿಯಲ್ಲಿರಬೇಕು. ಬೆಳಿಗ್ಗೆ ಕೈ ಹಾಕಿ ಬೇಕಾದಷ್ಟು ತೆಗೆದುಕೊಂಡು ಹೋಗುವುದು, ಸಂಜೆ ಉಳಿದದ್ದನ್ನು ಮತ್ತೆ ಅದಕ್ಕೇ ಸುರಿಯುವುದು. ಮಾವ ತೀರಿಕೊಂಡ ಮೇಲೂ ಆ ಪದ್ಧತಿ ಹಾಗೇ ನಡೆಯಿತು. ಅಪ್ಪನ ಜಮೀನು ರಾಸ್‌ಗೆ ಹೋಯಿತು, ಗುಡಿಸಲಿನ ಯಜಮಾನಿಕೆಯೂ ಅವನಿಗೇ ಹೋಯಿತು. ನನ್ನ ಗಂಡನ ಪಾಲಿಗೆ ಬಂದದ್ದು ಅಪ್ಪನ ಹಳೇ ಕೋವಿ.

ಆ ಕೋವಿಗೂ ವಯಸ್ಸಾಗಿತ್ತು, ಇವನ ಹೆಗಲಿಗೂ ಪೆಟ್ಟಾಗಿತ್ತು. ಒಂದು ಚಳಿಗಾಲ ತಂತಿ ಬಿಗಿಯುವಾಗ ಮೂಲೆಯ ಕಂಬ ಕಿತ್ತುಬಂದು ಬಲ ಹೆಗಲಿಗೆ ಬಡಿಯಿತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅದಾದ ಮೇಲೆ ಕೋವಿ ಒದೆಯುತ್ತದಲ್ಲ ಎಂಬ ಹೆದರಿಕೆಗೆ, ಬೆರಳು ಕೋವಿಯ ಕುದುರೆ ಎಳೆಯುವ ಮೊದಲೇ ಇವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಒಂದು ಹೆಣ್ಣು ಜಿಂಕೆಯ ಹೊಟ್ಟೆಗೆ ಗುಂಡು ತಗುಲಿತು. ಕತ್ತಲಾಗುವವರೆಗೆ ಪೊದೆ ಪೊದೆ ಹುಡುಕಿದನಂತೆ, ಸಿಗಲಿಲ್ಲ. ಮನೆಗೆ ಬಂದು ಬೂಟು ಕಳಚಿದವನು, "ಅದು ಎಲ್ಲೋ ನರಳ್ತಾ ಸತ್ತಿರತ್ತೆ ನೋಲೀನ್. ಇನ್ನು ಹೀಗೆ ಹೊಡೆಯೋಕಾಗಲ್ಲ," ಎಂದ. ಮರುವಾರವೇ ಕೋವಿಯನ್ನು ಜೆರಾಲ್ಡೀನ್ ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಹೋನೆಯ ಹತ್ತಿರ ತೆಗೆದುಕೊಂಡು ಹೋದ. ನಾನೂ ಜೊತೆಗಿದ್ದೆ.

ಹೋನೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ನಕ್ಕುಬಿಟ್ಟ. "ಇದು ನಳಿಗೆ ಅಲ್ಲ ಮಾರಾಯ, ನೀರಿನ ಪೈಪು. ಒಳಗೆ ಗುಂಡನ್ನ ತಿರುಗಿಸೋ ಗೆರೇನೇ ಉಳಿದಿಲ್ಲ. ಮಿಕ್ಕಿದ್ದೆಲ್ಲ ಗಟ್ಟಿ ಇದೆ. ಹೊಸ ನಳಿಗೆ ಹಾಕ್ತೀನಿ. ಯಾವ ತೋಟಾಕ್ಕೆ ಕೊರೀಲಿ?"

"ಮುನ್ನೂರೆಂಟೇ ಹಾಕಿಬಿಡು," ಎಂದ ಲಿಂಡ್ಸೆ, ಹೆಗಲು ಮುಟ್ಟಿಕೊಂಡು.

"ಹಾಕ್ತೀನಿ ಬಿಡು. ಆಮೇಲೆ ಕಣ್ಣು ಮುಚ್ಕೊಂಡೇ ಹೊಡಿ." ಹೋನೆ ಗೂಡಿನಿಂದ ಬೇರೆ ಬೇರೆ ಅಳತೆಯ ಮೂರು ಖಾಲಿ ತೋಟಾ ತೆಗೆದು ಇವನ ಅಂಗೈಗೆ ಹಾಕಿದ. "ಮನೇಲಿಟ್ಕೊಂಡು ಯೋಚನೆ ಮಾಡು. ಅವಸರ ಏನಿಲ್ಲ."

ನಮ್ಮ ಕಡೆ ಏಪ್ರಿಲ್ ಆದ ಮೇಲೆ ಚಳಿಗಾಲ. ಅದು ಮುಗಿಯುವವರೆಗೂ ಆ ಮೂರು ಖಾಲಿ ತೋಟಾ ನನ್ನ ಅಡುಗೆಮನೆಯ ಕಿಟಕಿಯ ಮೇಲೆ ನಿಂತಿದ್ದವು. ಪಾತ್ರೆ ತೊಳೆಯುವಾಗೆಲ್ಲ ಕಣ್ಣಿಗೆ ಬೀಳುತ್ತಿದ್ದವು. ನನ್ನನ್ನು ಮದುವೆಯಾಗುವಾಗಲೂ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ. ಇನ್ನೂರ ನಲವತ್ಮೂರು ಎಂಬುದು ಹೆಗಲಿಗೆ ಸುಖ, ಆದರೆ ಗುಂಡು ಚಿಕ್ಕದು. ದೊಡ್ಡ ಗಂಡಿನ ಹೆಗಲಿನ ಮೂಳೆ ಒಡೆಯದೆ ಹೋದರೆ ಮತ್ತೆ ಅದೇ ನರಳಾಟ. ಆರೂವರೆ ಎಂಬುದು ಹುಡುಗರ ಹೊಸ ಶೋಕಿ, ನಮ್ಮೂರ ಅಂಗಡಿಯಲ್ಲಿ ಒಂದು ತಿಂಗಳು ಸಿಕ್ಕರೆ ಇನ್ನೊಂದು ತಿಂಗಳು ಇಲ್ಲ. ಇನ್ನುಳಿದದ್ದು ಏಳು-ಎಂಟು. ಮುನ್ನೂರೆಂಟರದೇ ಕವಚ, ಕುತ್ತಿಗೆ ಮಾತ್ರ ಸ್ವಲ್ಪ ಸಣ್ಣ. ಗುಂಡು ಹಗುರ, ಒದೆತ ಕಡಿಮೆ, ಆದರೂ ದೊಡ್ಡ ಜಿಂಕೆಯನ್ನು ನಿಂತಲ್ಲೇ ಕೆಡವುತ್ತದೆ. ಇಷ್ಟನ್ನೂ ಅವನು ನನಗೆ ಹೇಳಿದ್ದು ಕುರಿ ಮಾಂಸದ ತಟ್ಟೆ ತಣ್ಣಗಾಗುವವರೆಗೆ. ಏಪ್ರಿಲ್ ಅಲ್ಲದ ಕಾಲದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಸುಮ್ಮನೆ ಕೂತು ಕೇಳಿದೆ.

"ಏಳು-ಎಂಟೇ ಹಾಕಿಸ್ಕೊ," ಎಂದೆ. "ರಾಸ್‌ಗೆ ಹೇಳಿಬಿಡು, ಅಷ್ಟೆ."

ಹೇಳಿದ. ನಮ್ಮ ಅಂಗಳದಲ್ಲೇ, ರಾಸ್ ಟ್ರಕ್ಕಿನಿಂದ ಇಳಿಯುವ ಮೊದಲೇ ಹೇಳಿದ. ರಾಸ್ ನಕ್ಕು ನಕ್ಕು ಕೆಮ್ಮಿದ.

"ಹೆಂಗಸರ ತೋಟಾ ಏನೋ ಅದು! ಜೊತೆಗೊಂದು ಲಂಗಾನೂ ಹೊಲಿಸ್ಕೊ."

"ಹೆಗಲು ತಡೆಯಲ್ಲ ರಾಸ್."

"ಮತ್ತೆ ಡಬ್ಬಿ? ಅಪ್ಪ ಮಾಡಿಟ್ಟ ಪದ್ಧತಿ?"

"ನಂದು ನನ್ನ ಜೇಬಲ್ಲೇ ಇರತ್ತೆ. ಡಬ್ಬಿಗೆ ಹಾಕಲ್ಲ."

"ಏನಾದ್ರೂ ಮಾಡ್ಕೊ," ಎಂದ ರಾಸ್. ಆಗಲೇ ಅವನ ಮುಖದಿಂದ ನಗು ಹೋಗಿತ್ತು.

ಹೊಸ ನಳಿಗೆಯ ಕೋವಿ ಬಂದ ದಿನ ಲಿಂಡ್ಸೆ ಶೆಡ್ಡಿನ ಹಿಂದೆ ಹಲಗೆ ನಿಲ್ಲಿಸಿ ಹೊಡೆದು ನೋಡಿದ. ಮೂರು ಗುಂಡೂ ಒಂದು ಕಾಫಿ ಲೋಟದ ಬಾಯಿಯೊಳಗೆ. ನನ್ನನ್ನು ಕರೆದು ತೋರಿಸಿದ, ಶಾಲೆಯ ಹುಡುಗನ ಹಾಗೆ. ಮುಂದಿನ ಏಪ್ರಿಲ್‌ನಲ್ಲಿ ಗುಡಿಸಲಿಗೆ ಹೋದ ಎರಡನೇ ದಿನವೇ ಒಂದು ಗಂಡನ್ನು ಒಂದೇ ಗುಂಡಿಗೆ ಕೆಡವಿದ. ಅದು ಎರಡು ಹೆಜ್ಜೆಯನ್ನೂ ಇಡಲಿಲ್ಲವಂತೆ. ಇಷ್ಟು ಅವನೇ ನನಗೆ ಹೇಳಿದ್ದು. ಉಳಿದದ್ದನ್ನು ನಾನು ಅವನ ಬಾಯಿಯಿಂದ ಎಳೆದೆಳೆದು ತೆಗೆಯಬೇಕಾಯಿತು.

ಮರುದಿನ ಅಲ್ಲಿ ಮಳೆ. ಇವನ ಕೋಟು ನೆನೆದು ತೊಪ್ಪೆಯಾಯಿತು. ಒಲೆಯ ಪಕ್ಕ ಕೋಟು ನೇತುಹಾಕಿ, ಜೇಬಿನ ತೋಟಾಗಳನ್ನು ಒರೆಸಿ ಮೇಜಿನ ಮೂಲೆಯಲ್ಲಿ ಒಂದು ಬಟ್ಟೆಯ ಮೇಲೆ ಇಟ್ಟು, ಸೌದೆ ತರಲು ಹೊರಗೆ ಹೋದ. ಊಟಕ್ಕೆ ಮೇಜು ಬೇಕು ಎಂದು ರಾಸ್ ಕೈಗೆ ಸಿಕ್ಕ ತೋಟಾಗಳನ್ನೆಲ್ಲ ಬಾಚಿ ಡಬ್ಬಿಗೆ ಸುರಿದ. ಅಷ್ಟು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ತಂಡದ ಗ್ಯಾವಿನ್ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಾ ನೋಡಿದ. ಒಳಗೆ ಬಂದ ಲಿಂಡ್ಸೆ ಮೇಜು ಖಾಲಿಯಿರುವುದನ್ನು ನೋಡಿ, "ನನ್ನವು ಎಲ್ಲಿ?" ಎಂದು ಕೇಳಿದನಂತೆ. "ನಿನ್ನ ಕೋಟಿಗೆ ಹಾಕಿದೀನಿ, ಊಟಕ್ಕೆ ಕೂತ್ಕೊ," ಎಂದ ರಾಸ್. ಅಣ್ಣನ ಮಾತು ನಂಬಿ ಇವನು ಕೂತ.

ಬೆಳಗಿನ ಜಾವ ರಾಸ್ ಡಬ್ಬಿಗೆ ಕೈ ಹಾಕಿ ತನ್ನ ಕೋವಿ ತುಂಬಿಕೊಂಡು ಹೋದ. ತನ್ನ ಗಂಡು ಆಗಲೇ ಸಿಕ್ಕಿದ್ದರಿಂದ ಲಿಂಡ್ಸೆ ಕೋವಿಯಿಲ್ಲದೆ ಅವನ ಜೊತೆ ನಡೆದ. ಇಬ್ಬನಿಯಿಂದ ಈಚೆ ಬಂದ ಗಂಡಿನ ಕೊಂಬಿಗೆ ಹದಿನಾಲ್ಕು ಕವಲು. ರಾಸ್ ಜೀವಮಾನದಲ್ಲೇ ಅಂಥದ್ದನ್ನು ಕಂಡಿರಲಿಲ್ಲ. ಹೊಡೆದ. ಸಣ್ಣ ಗುಂಡು ದೊಡ್ಡ ನಳಿಗೆಯೊಳಗೆ ಹಿಡಿತವಿಲ್ಲದೆ ಅಡ್ಡಾದಿಡ್ಡಿ ಹೋಗಿ ಹಿಂಗಾಲಿಗೆ ತಗುಲಿತು. ಮೂರು ಕಾಲಿನಲ್ಲೇ ಅದು ಕಮರಿಗೆ ಇಳಿದು ಮಾಯವಾಯಿತು. ಕೋವಿಯಿಂದ ಹೊರಬಿದ್ದ ಕವಚವನ್ನು ಎತ್ತಿ ನೋಡಿದವನು ಲಿಂಡ್ಸೆ. ಕುತ್ತಿಗೆ ಉಬ್ಬಿಹೋಗಿತ್ತು, ಬುಡದಲ್ಲಿ ಅಚ್ಚೊತ್ತಿದ್ದ ಅಂಕಿ ಏಳು-ಎಂಟರದು.

"ನಿನ್ನ ಲಂಗದ ತೋಟಾ!" ಎಂದು ರಾಸ್ ಕಣಿವೆ ಕೇಳುವ ಹಾಗೆ ಕೂಗಿದನಂತೆ. "ನನ್ನ ಕೈ ಹೋಗ್ತಿತ್ತಲ್ಲೋ! ಕಣ್ಣು ಹೋಗ್ತಿತ್ತಲ್ಲೋ!"

ಗ್ಯಾವಿನ್ ಬಾಯಿ ಬಿಡಲಿಲ್ಲ. ಆಮೇಲೆ ಪೇಟೆಯಲ್ಲಿ ನನ್ನ ಕೈಗೆ ಸಿಕ್ಕಾಗ, "ಬಾಚಿ ಹಾಕಿದ್ದು ರಾಸೇ ನೋಲೀನ್. ಆದರೆ ಅವನ ಗುಡಿಸಲು, ನಾನೇನು ಮಾಡ್ಲಿ," ಎಂದು ನೆಲ ನೋಡಿದ. ಥೂ, ಇವನೂ ಒಬ್ಬ ಗಂಡಸು! ಎಂದುಕೊಂಡೆ. ಅವನ ಮುಖದ ಮೇಲೆಯೂ ಅಂದೆ.

"ನೀನು ಯಾಕೆ ಸುಮ್ಮನಿದ್ದೆ?" ಎಂದು ನಾನು ಗಂಡನನ್ನು ಎಷ್ಟು ಬೈದೆ. ಅವನು ಹೇಳಿದ್ದು ಇಷ್ಟೇ: "ಆ ಗಂಡು ಕಳ್ಕೊಂಡು ಅವನು ಅಳ್ತಾ ಇದ್ದ. ಆಗ ಏನು ಹೇಳೋದು?"

ಕ್ರಿಸ್ಮಸ್ ದಿನ ಮನೆಮಂದಿಯೆಲ್ಲ ರಾಸ್‌ನ ಅಂಗಳದಲ್ಲಿ ಸೇರಿದ್ದೆವು. ಕ್ರಿಸ್ಮಸ್ ನಮ್ಮ ಕಡೆ ನಡುಬೇಸಿಗೆ, ಬಿಸಿಲು ರಣರಣ. ಮುಂದಿನ ಏಪ್ರಿಲ್‌ಗೆ ಯಾರು ಯಾರು ಎಂದು ಹೇಳುವುದು ಆ ದಿನವೇ. ರಾಸ್ ಇಕ್ಕಳ ಹಿಡಿದು ಸಾಸೇಜ್ ತಿರುವುತ್ತಾ ಎಲ್ಲರೆದುರಿಗೂ ಹೇಳಿದ: "ನೋಡ್ರಪ್ಪಾ, ಅಪ್ಪನ ಕಟ್ಟಳೆ ಕಟ್ಟಳೇನೇ. ಒಂದು ಗುಡಿಸಲಲ್ಲಿ ಎರಡು ಜಾತಿ ತೋಟಾ ಬೇಡ. ಮುನ್ನೂರೆಂಟು ಇಲ್ಲದವನು ಹೆಲಿಕಾಪ್ಟರ್ ಹತ್ತೋದು ಬೇಡ." ಮಕ್ಕಳು ಕೂಡ ಲಿಂಡ್ಸೆಯತ್ತ ತಿರುಗಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಇವನು ನನ್ನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದ.

ಹೊಸ ವರ್ಷ ಹುಟ್ಟಿದ್ದೇ ತಡ, ಮತ್ತೆ ಹೋನೆಯ ಬಾಗಿಲಿಗೆ. ಈ ನಳಿಗೆ ಬಿಚ್ಚು, ಮುನ್ನೂರೆಂಟು ಹಾಕು ಎಂದ. ಹೋನೆಗೆ ಸಿಟ್ಟು ಬಂತು. "ನಿನಗೇನು ಹುಚ್ಚಾ? ಇದು ಹೊಚ್ಚ ಹೊಸದು ಮಾರಾಯ! ಇಷ್ಟು ಚೆನ್ನಾಗಿ ಕೂತ ನಳಿಗೆ ನನ್ನ ಕೈಯಿಂದ ಇನ್ನೊಂದು ಬರೋದು ಯಾವಾಗಲೋ."

"ಗೊತ್ತು. ಬಿಚ್ಚು," ಎಂದ ಲಿಂಡ್ಸೆ.

ಹೋನೆ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಬೇಡ ಎಂದರೆ ಅವನ ಏಪ್ರಿಲ್ ಹೋಗುತ್ತದೆ, ಸರಿ ಎಂದರೆ ಹೆಗಲು. ಮುಖ ತಿರುಗಿಸಿಕೊಂಡು ಟ್ರಕ್ಕಿನಲ್ಲಿ ಹೋಗಿ ಕೂತೆ.

ಮುನ್ನೂರೆಂಟು ಬಂತು. ಶೆಡ್ಡಿನ ಹಿಂದೆ ಹೆಗಲಿಗೆ ಟವೆಲು ಮಡಿಸಿಟ್ಟುಕೊಂಡು, ಹಲ್ಲು ಕಚ್ಚಿಕೊಂಡು, ಕಣ್ಣು ತೆರೆದೇ ಹೊಡೆಯುವುದನ್ನು ಕಲಿತ. ದಿನಾ ಸಂಜೆ. ಬಲಗಡೆ ಕುತ್ತಿಗೆಯಿಂದ ತೋಳಿನವರೆಗೆ ಮೊದಲು ಕೆಂಪು, ಆಮೇಲೆ ನೀಲಿ, ಆಮೇಲೆ ಹಳದಿ. ನಾನು ಮುಲಾಮು ಹಚ್ಚುತ್ತಾ ಬೈಯುತ್ತಿದ್ದೆ, ಬೈಯುತ್ತಾ ಅಳುತ್ತಿದ್ದೆ. ಕೊನೆಗೆ ಆ ಕೈ ತಲೆ ಬಾಚುವಷ್ಟು ಮೇಲಕ್ಕೂ ಏಳದ ಹಾಗಾಯಿತು. ಆದರೆ ಗುಂಡುಗಳು ಮತ್ತೆ ಒಂದೇ ಜಾಗದಲ್ಲಿ ಬೀಳತೊಡಗಿದವು. ಆ ದಿನವೇ ರಾಸ್‌ಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ, ರಾಸ್‌ನ ದನಿ ಹೊರಗೂ ಕೇಳುತ್ತಿತ್ತು.

"ಮುನ್ನೂರೆಂಟು ಹಾಕಿಸ್ದೆ ರಾಸ್."

"ಓ, ಹೌದಾ... ಛೆ. ಈ ಸಲ ತುಂಬಿಹೋಯ್ತಲ್ಲೋ. ಅಳಿಯ ಬ್ರೇಡನ್ ಬರ್ತೀನಿ ಅಂದ. ಮಗಳ ಗಂಡ, ಇಲ್ಲ ಅನ್ನೋಕಾಗತ್ತಾ?"

"ಇಲ್ಲ ಇಲ್ಲ. ಅವನು ಬರ್ಲಿ," ಎಂದ ನನ್ನ ಗಂಡ.

ಏಪ್ರಿಲ್ ಮುಗಿಯುವ ಹೊತ್ತಿಗೆ ರಾಸ್ ಮತ್ತು ಬ್ರೇಡನ್ ನಮ್ಮ ಮನೆಗೆ ಬಂದರು. ಜಿಂಕೆಯ ಒಂದು ಹಿಂದಿನ ತೊಡೆ ತಂದಿದ್ದರು. ಚಹಾ ಕೊಟ್ಟೆ, ಕೊಡದೆ ಇರಲಾಗಲಿಲ್ಲ. ಬ್ರೇಡನ್ ಒಳ್ಳೆಯ ಹುಡುಗನೇ, ಕಪಟ ಗೊತ್ತಿಲ್ಲ. ತಾನು ಕೆಡವಿದ ಗಂಡಿನ ಫೋಟೋಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದ. ಲಿಂಡ್ಸೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದ.

"ಎಷ್ಟು ದೂರದಿಂದ?" ಎಂದು ಕೇಳಿದ.

"ಹೊಳೆಯ ಆಚೆ ದಡದಿಂದ! ಆರೂವರೆ ಅಲ್ವಾ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಹೆಗಲಿಗೆ ಗೊತ್ತೇ ಆಗಲ್ಲ."

ನಾನು ಚಹಾ ಕೆಟಲನ್ನು ಮೇಜಿನ ಮೇಲಿಟ್ಟೆ. ರಾಸ್ ತಲೆ ಬಗ್ಗಿಸಿ ಬಿಸ್ಕತ್ತು ಮುರಿಯುತ್ತಿದ್ದ.

"ಆರೂವರೆನಾ?" ಎಂದೆ. "ರಾಸ್, ನಿಮ್ಮಪ್ಪನ ಕಟ್ಟಳೆ ಏನಾಯ್ತು? ಡಬ್ಬಿ ಏನಾಯ್ತು?"

ಉತ್ತರ ಕೊಟ್ಟವನು ಬ್ರೇಡನ್. "ಅದಕ್ಕೇನು ಕಷ್ಟ ನೋಲೀನ್? ಮಾವ ನನ್ನ ತೋಟಾಗಳಿಗೆ ಬೇರೆ ಡಬ್ಬಿ ಇಟ್ಟಿದ್ರು. ನೀಲಿ ಮುಚ್ಚಳದ್ದು."

"ಬೇರೆ ಡಬ್ಬಿ!" ಎಂದೆ. "ಕೇಳಿಸ್ತಾ ಲಿಂಡ್ಸೆ? ಬೇರೆ ಡಬ್ಬಿಯಂತೆ! ರಾಸ್, ನಿನಗೆ ನಾಚಿಕೆ ಅನ್ನೋದೇನಾದ್ರೂ ಇದೆಯಾ? ಇವನ ಹೆಗಲು ನೋಡಿದೀಯಾ? ಅಂಗಿ ಬಿಚ್ಚಿ ತೋರಿಸ್ಲಾ?"

"ನೋಲೀನ್," ಎಂದ ಲಿಂಡ್ಸೆ. ದನಿ ಎತ್ತಲಿಲ್ಲ. ಆಮೇಲೆ ಬ್ರೇಡನ್ ಕಡೆ ತಿರುಗಿ, "ಒಳ್ಳೆ ತೋಟಾ ಆರಿಸ್ಕೊಂಡಿದೀಯ," ಎಂದ.

ರಾಸ್ ಟೋಪಿ ಎತ್ತಿಕೊಂಡು ಎದ್ದ. ನನ್ನ ಗಂಡ ಅವರನ್ನು ಟ್ರಕ್ಕಿನವರೆಗೆ ಕಳಿಸಲು ಹೋದ. ಕಿಟಕಿ ತೆರೆದೇ ಇತ್ತು.

"ಮುಂದಿನ ವರ್ಷ ಜಾಗ ಇದ್ರೆ ಹೇಳು ರಾಸ್. ನಂದೀಗ ಮುನ್ನೂರೆಂಟೇ."

"ನೋಡೋಣ ಕಣೋ," ಎಂದ ರಾಸ್, ಕೀಲಿ ತಿರುಗಿಸುತ್ತಾ.

ಲಿಂಡ್ಸೆ ಒಳಗೆ ಬಂದಾಗ ನಾನು ಆ ತೊಡೆ ಮಾಂಸವನ್ನು ಹಿಡಿದು ಹಿತ್ತಿಲ ಬಾಗಿಲಿನಲ್ಲಿದ್ದೆ. "ಇದನ್ನ ನಾಯಿಗೆ ಹಾಕ್ತೀನಿ," ಎಂದೆ.

ಅವನು ಎಡಗೈಯಿಂದ ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡ. "ಬೇಡ ಕಣೆ. ಹೇಗಿತ್ತು ಅಂತ ಅವನು ಕೇಳಿದ್ರೆ, ಚೆನ್ನಾಗಿತ್ತು ಅಂತ ಹೇಳ್ಬೇಕಲ್ಲ."

ಭಾನುವಾರ ಬೇಯಿಸಿದೆ. ಅವನು ತಿಂದ. ನಾನು ಮುಟ್ಟಲಿಲ್ಲ. ಹೇಗಿತ್ತು ಎಂದು ರಾಸ್ ಈವರೆಗೂ ಕೇಳಿಲ್ಲ.