ಮರ್ಯಾದಸ್ಥ ಕಾಯಿಲೆ

ಚಹಾದ ಕಪ್ಪನ್ನು ಬಸಿಯ ಮೇಲೆ ಇಡುವಾಗ ಆಗುವ ಸದ್ದಿನ ಬಗ್ಗೆ ನಾನು ಮೊದಲು ಎಂದೂ ಯೋಚಿಸಿರಲಿಲ್ಲ. ನಮ್ಮ ಮನೆಯವರು ಕುಡಿತ ಬಿಟ್ಟ ಮೊದಲ ಬೆಳಗ್ಗೆ ಆ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ಟಕ್ ಎಂದು ಒಂದೇ ಸಲಕ್ಕೆ ಮುಗಿಯುವ ಸದ್ದಲ್ಲ, ಚಳಿಗೆ ಹಲ್ಲು ಬಡಿದಂತೆ ಕಟಕಟ ಎಂದು ನಡೆದೇ ಇರುವಂಥದ್ದು. ನಾನು ಹೊರಗೆ ಬಂದು, ಏನೂ ಕಾಣದವಳ ಹಾಗೆ ಕಪ್ಪು ಬಸಿ ಎರಡನ್ನೂ ಎತ್ತಿಕೊಂಡು ಹೋಗಿ, ಚಹಾವನ್ನು ದೊಡ್ಡ ಸ್ಟೀಲ್ ಲೋಟಕ್ಕೆ ಅರ್ಧ ಹಾಕಿ ತಂದುಕೊಟ್ಟೆ. ಅವರೂ ಏನೂ ಆಗದವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಚೆನ್ನಾಗಿ ಕಲಿತ ವಿದ್ಯೆ ಎಂದರೆ ಇದೇ, ಕಂಡರೂ ಕಾಣದಂತೆ ಇರುವುದು.

ಕುಷ್ಟಗಿಯಲ್ಲಿ ಅವರದು ಹನಿ ನೀರಾವರಿ ಪೈಪಿನ ಅಂಗಡಿ. ದಾಳಿಂಬೆ ತೋಟದವರೆಲ್ಲ ಗಿರಾಕಿಗಳು. ವ್ಯಾಪಾರ ಮುಗಿಸಿ ಶಟರ್ ಎಳೆದ ಮೇಲೆ ನಾಲ್ಕು ಮಂದಿ ಕೂಡುವುದು ಎಂದಿನಿಂದಲೋ ನಡೆದು ಬಂದದ್ದು. ಇತ್ತೀಚೆಗೆ ನಾಲ್ಕು ಮಂದಿ ಇಲ್ಲದಿದ್ದರೂ ನಡೆಯುತ್ತಿತ್ತು. ಒಂದು ದಿನ ಸ್ನಾನ ಮಾಡಿ ಬಂದು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆ ಸ್ವಲ್ಪ ಹೊತ್ತು ಕನ್ನಡಿಯ ಮುಂದೆ ನಿಂತರು. ಆಮೇಲೆ, "ಕೊಪ್ಪಳಕ್ಕ ಹೋಗೂಣು ನಡಿ, ಡಾಕ್ಟರ್ ಹತ್ರ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾದೀತು ಎಂಬ ಅಂಜಿಕೆ. ಅವರ ಗುಂಡಿ ಹಾಕಿ, ನನ್ನ ಸೀರೆ ಬದಲಾಯಿಸಿ, ಹೊರಟೇಬಿಟ್ಟೆ.

ಡಾಕ್ಟರು ಸಣ್ಣ ವಯಸ್ಸಿನವರು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಗುಳಿಗೆ ಬರೆದುಕೊಟ್ಟು ನನ್ನ ಕಡೆ ತಿರುಗಿ, "ಅಕ್ಕಾರ, ಈ ಗುಳಿಗಿ ಒಂದೂ ತಪ್ಪಿಸಬ್ಯಾಡ್ರಿ. ಒಮ್ಮೆಲೆ ಬಿಟ್ರ ಮೈ ಸಿಟ್ಟಿಗೇಳತೈತಿ. ಹೊಟ್ಟಿ ತುಂಬ ಊಟ ಹಾಕ್ರಿ. ಫಿಟ್ಸ್ ಬಂದ್ರ, ಇಲ್ಲದ್ದು ಕಣ್ಣಿಗೆ ಕಾಣಾಕ ಹತ್ತಿದ್ರ, ನಿಂತ ಕಾಲ ಮ್ಯಾಲ ಕರಕೊಂಡು ಬರ್ರಿ" ಎಂದರು. ಅಷ್ಟೇ. ಇದರಲ್ಲಿ ತಪ್ಪು ಮಾಡಲು ಜಾಗವೇ ಇರಲಿಲ್ಲ. ಆದರೂ ನಾವು ಜಾಗ ಮಾಡಿಕೊಂಡೆವು.

ನಾವು ಮನೆ ಮುಟ್ಟುವ ಮೊದಲೇ, ಅಂಗಡಿಗೆ ಬೀಗ ಕಂಡ ಯಾರೋ ಅತ್ತೆಗೆ ಫೋನು ಮಾಡಿದ್ದರು. ಅತ್ತೆ ಒಂದು ಕ್ಷಣ ಯೋಚಿಸಿ, "ಕಾಮಣಿ ಆಗೇತ್ರಿ" ಎಂದುಬಿಟ್ಟಿದ್ದರು. ಪುಸ್ತಕದಲ್ಲಿ ಕಾಮಾಲೆ ಎನ್ನುವುದನ್ನೇ ನಮ್ಮ ಕಡೆ ಕಾಮಣಿ ಅನ್ನುತ್ತಾರೆ, ಕಣ್ಣು ಮೈ ಹಳದಿಯಾಗುವ ರೋಗ. ನನಗೆ ಗಾಬರಿಯಾಯಿತು, ನಿಜ. ಜೊತೆಗೆ ಒಂದು ಬಗೆಯ ನಿರಾಳವೂ ಆಯಿತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆ ಎಂದು ಹೇಳಿಕೊಡುತ್ತಿದ್ದರು. ಅದೇ ಸಿಸ್ಟರು ರಜಾ ಅರ್ಜಿ ಬರೆಯಲು ಕಲಿಸುವಾಗ ಮಾತ್ರ ಇಡೀ ತರಗತಿಗೆ ಒಂದೇ ಕಾರಣ ಬರೆಸಿದ್ದರು, ಜ್ವರ. ಅಕ್ಕನ ಸೀಮಂತವಿರಲಿ, ಶೇಂಗಾ ಕೀಳುವ ಸುಗ್ಗಿ ಇರಲಿ, ಅರ್ಜಿಯಲ್ಲಿ ನಮಗೆಲ್ಲ ಚೆಂದದ ಅಕ್ಷರದಲ್ಲಿ ಜ್ವರ ಬರುತ್ತಿತ್ತು. ಅತ್ತೆ ಕಾನ್ವೆಂಟಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಅದೇ ಪಾಠ ಅವರಿಗೂ ಬಂದಿತ್ತು.

ಕಾಯಿಲೆಗಳಲ್ಲೂ ಅಂತಸ್ತು ಇರುತ್ತದೆ, ನೀವೂ ನೋಡಿರಬೇಕು. ಸಕ್ಕರೆ ಕಾಯಿಲೆ ಬಂದವರು ಮದುವೆಯ ಪಂಕ್ತಿಯಲ್ಲಿ ಕುಳಿತು, ಹೋಳಿಗೆ ಬೇಡ ಎನ್ನುವುದನ್ನು ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳುತ್ತಾರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ಅದರ ಬೆಲೆಯನ್ನು ಬಂಗಾರದ ಸರದ ಬೆಲೆಯ ಹಾಗೆ ಹೇಳುತ್ತಾರೆ. ಕಾಮಣಿಯೂ ಮರ್ಯಾದಸ್ಥ ಕಾಯಿಲೆಯೇ. ಯಾರ ಮನೆಗೂ ಬರಬಹುದು, ನೀರಿನಿಂದ ಬಂತು ಎಂದು ನಳದ ಮೇಲೆ ಹಾಕಬಹುದು. ಕುಡಿತ ಬಿಡುವುದು ಮಾತ್ರ ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕುಡಿಯುವವನು ಊರಿಗೆಲ್ಲ ಗೊತ್ತಿದ್ದರೂ ನಡೆಯುತ್ತದೆ, ಬಿಡುವವನು ಬಾಗಿಲು ಹಾಕಿಕೊಂಡು ಬಿಡಬೇಕು.

ಆದರೆ ಕಾಮಣಿಗೆ ಪಥ್ಯ ಉಂಟು. ಎಣ್ಣೆ ಇಲ್ಲ, ಖಾರ ಇಲ್ಲ, ಅರಿಶಿನ ಇಲ್ಲ. ಒಗ್ಗರಣೆಯ ವಾಸನೆ ಎದುರು ಮನೆಗೆ ಹೋದರೆ ಸುಳ್ಳು ಬಯಲಾಗುತ್ತದೆಂದು ಅತ್ತೆ ಒಗ್ಗರಣೆಯನ್ನೇ ನಿಲ್ಲಿಸಿದರು. ಹೊಟ್ಟೆ ತುಂಬ ಉಣ್ಣಬೇಕಾದ ಮನುಷ್ಯನಿಗೆ ಜೋಳದ ನುಚ್ಚು, ನೀರು ಮಜ್ಜಿಗೆ. ನಾನು ಬಾಗಿಲು ಹಾಕಿ ಕದ್ದು ಕೊಟ್ಟ ಬೆಲ್ಲ ಶೇಂಗಾ ಉಂಡೆಯನ್ನು ಅವರು ಕಳ್ಳ ಹುಡುಗನಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇರೆ ಸಮಯದಲ್ಲಾಗಿದ್ದರೆ ಇಬ್ಬರಿಗೂ ನಗೆ ಬರುತ್ತಿತ್ತು.

ನೋಡಲು ಬಂದವರು ಕೆಳಗಿನ ರೆಪ್ಪೆ ಜಗ್ಗಿ ನೋಡುತ್ತಿದ್ದರು, ಹಳದಿಯನ್ನು ಕಾಣುತ್ತಲೂ ಇದ್ದರು. ಎದುರು ಮನೆಯ ಗಿರಿಜಕ್ಕ, "ಅಯ್ಯ, ಅರಿಷಿಣ ಕಲಸಿಟ್ಟಂಗ ಆಗ್ಯಾವಲ್ರಿ ವೈನಿ" ಎಂದು ಕಣ್ಣೀರು ತೆಗೆದರು. ನಿದ್ದೆಯಿಲ್ಲದೆ ನಮ್ಮ ಮನೆಯವರ ಕಣ್ಣು ಕೆಂಪಾಗಿದ್ದವು, ನನಗಂತೂ ಬೇರೆ ಬಣ್ಣ ಕಾಣಲಿಲ್ಲ.

ಹಗಲು ಹೇಗೋ ಜಾರುತ್ತಿತ್ತು. ಸಂಜೆ ಕಷ್ಟ. ದೀಪ ಹಚ್ಚುವ ಹೊತ್ತಿಗೆ ಅವರು ತಮಗೇ ತಿಳಿಯದಂತೆ ಎದ್ದು ಚಪ್ಪಲಿ ಮೆಟ್ಟಿ ಹೊಸ್ತಿಲ ಹತ್ತಿರ ನಿಲ್ಲುತ್ತಿದ್ದರು. ನಾನು ಬತ್ತಿ ಹೊಸೆಯುತ್ತ ನೋಡುತ್ತಿದ್ದೆ, ತಡೆಯುವ ಧೈರ್ಯವಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಮಿಕ್ಸರ್ ತಿರುಗಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹೀಗೇ ಮಲಗಿದ್ದಾಗ ಒಮ್ಮೆ ಮೆಲ್ಲಗೆ, "ಗ್ವಾಡಿ ಮ್ಯಾಲ ಹಲ್ಲಿ ಐತೇನು?" ಎಂದು ಕೇಳಿದರು. ಇಲ್ಲದ್ದು ಕಾಣುವ ಬಗ್ಗೆ ಡಾಕ್ಟರು ಹೇಳಿದ್ದು ನೆನಪಾಯಿತು. ಓಡಿ ಬಂದು ನೋಡಿದರೆ ನಿಜವಾಗಿಯೂ ಹಲ್ಲಿ ಇತ್ತು, ಟ್ಯೂಬ್‌ಲೈಟಿನ ಕೆಳಗೆ, ಬಾಲ ಮುರಿದದ್ದು. ಹಲ್ಲಿಯನ್ನು ಕಂಡು ನಾನು ಅಷ್ಟು ಸಂತೋಷಪಟ್ಟದ್ದು ಜನ್ಮದಲ್ಲಿ ಅದೇ ಮೊದಲು. "ಐತ್ರಿ, ಐತ್ರಿ" ಎಂದೆ, ಮಗುವಿಗೆ ಚಂದ್ರನನ್ನು ತೋರಿಸುವವಳ ಹಾಗೆ.

ನಿಮಗೆ ಇನ್ನೊಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ಕುಡಿದಾಗ ನಮ್ಮ ಮನೆಯವರು ಗಲಾಟೆ ಮಾಡುವವರಲ್ಲ. ಮಿರ್ಚಿ ಭಜಿಯ ಪೊಟ್ಟಣ ಹಿಡಿದುಕೊಂಡು ಬಂದು, ಗಿರಾಕಿಗಳ ಮಾತಿನ ಧಾಟಿಯನ್ನು ಅನುಕರಿಸಿ ನನ್ನನ್ನು ನಗಿಸುತ್ತಿದ್ದರು. ನಗುತ್ತಲೇ ನಾನು ಬಾಯಿಂದ ಬರುವ ವಾಸನೆಗೆ ಮುಖ ತಿರುಗಿಸುತ್ತಿದ್ದೆ. ಈಗ ವಾಸನೆ ಇಲ್ಲ, ಮಾತೂ ಇಲ್ಲ. ನಾನು ದೇವರ ಮುಂದೆ ಕೇಳಿಕೊಂಡದ್ದು ಕುಡಿಯದ ಗಂಡನನ್ನು. ಮಂಚದ ಮೇಲೆ ಮಲಗಿದ್ದ ಈ ಮನುಷ್ಯನ ಪರಿಚಯ ನನಗೆ ಇರಲಿಲ್ಲ. ಬಹುಶಃ ಅವರಿಗೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಹುಲಿಹೈದರದಿಂದ ದೊಡ್ಡವ್ವ ಬಂದರು. ಅತ್ತೆಯ ಅಕ್ಕ. ಅಕ್ಕನ ಮುಂದೆ ನಿಜ ಹೇಳಿಬಿಡುತ್ತಾರೆಂದು ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡಿದರು. ದೊಡ್ಡವ್ವ ಬಂದವರೇ ರೆಪ್ಪೆ ಜಗ್ಗಿದರು.

"ಕೆಂಪಗದಾವಲ್ಲಬೇ ದೊಡ್ಡವ್ವ" ಎಂದರು ನಮ್ಮ ಮನೆಯವರು, ನಿಜ ಹೇಳುವ ಸಣ್ಣ ಪ್ರಯತ್ನವೆಂಬಂತೆ.

"ಹಳದಿ ಇಳಿಯೂ ಮುಂದ ಕೆಂಪ ಆಕ್ಕಾವ, ಸುಮ್ಮನಿರು. ನಿನಗೇನ ಗೊತ್ತೈತಿ?" ಎಂದರು ದೊಡ್ಡವ್ವ.

ಎಲ್ಲ ಗೊತ್ತು ಮಾಡಿಕೊಂಡೇ ಬಂದಿದ್ದರು ಅವರು. ತಮ್ಮ ಕಡೆಯ ಹಳ್ಳಿಯೊಂದರಲ್ಲಿ ಕಾಮಣಿಗೆ ಎಲೆಯ ರಸ ಕೊಟ್ಟು, ಮುಂಗೈಗೆ ಕಾದ ಸೂಜಿಯ ಬರೆ ಹಾಕುವ ಮುದುಕ ಇದ್ದಾನಂತೆ. ಮರುದಿನ ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಜೀಪಿಗೂ ಹೇಳಿ ಆಗಿತ್ತು. ಇಷ್ಟಾದರೆ ನಾನೂ ಸಹಿಸಿಕೊಳ್ಳುತ್ತಿದ್ದೆನೇನೋ, ಬರೆ ಬೀಳುವುದು ನನ್ನ ಕೈಗಲ್ಲವಲ್ಲ. ಆದರೆ ದೊಡ್ಡವ್ವ ತಲೆದಿಂಬಿನ ಹತ್ತಿರ ಇದ್ದ ಗುಳಿಗೆಗಳನ್ನು ಒಟ್ಟುಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ದೊಡ್ಡವ್ವಾರ, ಅವು ಮಧ್ಯಾಹ್ನದ ಗುಳಿಗಿ ರೀ" ಎಂದೆ. ನೀರಿನ ಲೋಟ ಕೈಯಲ್ಲೇ ಇತ್ತು.

"ಎಲಿ ಔಷಧಾ ತಗೊಳ್ಳೂ ಮುಂದ ಇಂಗ್ಲಿಷ್ ಗುಳಿಗಿ ಹೊಟ್ಯಾಗ ಇರಬಾರದು ತಂಗಿ. ವಿಷ ಆಕ್ಕೈತಿ. ಇವತ್ತಿಂದ ಬಂದ್."

ನಾನು ಅತ್ತೆಯನ್ನು ನೋಡಿದೆ. ಸುಮ್ಮನಿರು ಎಂದು ಅವರು ಕಣ್ಣಲ್ಲೇ ಹೇಳಿದರು. ಒಂದೂ ತಪ್ಪಿಸಬೇಡಿ ಎಂದ ಡಾಕ್ಟರ ಮಾತು ನನಗೆ ನೆನಪಿತ್ತು. ಹಿರಿಯರ ಮಾತಿಗೆ ಅಡ್ಡ ಮಾತಾಡಬಾರದೆಂದು ಸಿಸ್ಟರೂ ಕಲಿಸಿದ್ದರು, ಅತ್ತೆಯೂ ಕಲಿಸಿದ್ದರು. ಇಬ್ಬರೂ ಒಪ್ಪಿದ ಎರಡನೆಯ ಪಾಠ ಅದು. ಗುಳಿಗೆಯ ಹೊತ್ತು ಮೀರುತ್ತಿತ್ತು. ಲೋಟದಲ್ಲಿ ನೀರು ಅಲುಗುತ್ತಿತ್ತು. ಈ ಸಲ ನಡುಗುತ್ತಿದ್ದದ್ದು ನನ್ನ ಕೈ.

ನಮ್ಮ ಮನೆಯವರು ಅದನ್ನು ನೋಡಿದರು. ಹಾಸಿಗೆಯ ಮೇಲೆ ಕೈ ಊರಿ ಎದ್ದು ಕುಳಿತರು.

"ದೊಡ್ಡವ್ವ, ಗುಳಿಗಿ ಕೊಡು. ನನಗ ಕಾಮಣಿ ಆಗಿಲ್ಲ. ಕುಡಿಯೂದ ಬಿಟ್ಟೀನಿ, ಅದಕ್ಕ ಹಿಂಗ ನಡಗಾಕ ಹತ್ತೀನಿ. ಅವ್ವ ನಾಚಿಗಿಗೆ ಹಂಗ ಹೇಳ್ಯಾಳ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡವ್ವ ತಂಗಿಯ ಮಗನನ್ನು ನೋಡಿದರು, ತಂಗಿಯನ್ನು ನೋಡಿದರು, ಆಮೇಲೆ ಬಂದದ್ದು ಕರುಣೆಯಲ್ಲ, ಶುದ್ಧ ಸಿಟ್ಟು.

"ಶಾಂತಾ, ನಿನಗ ಬುದ್ಧಿ ಐತೇನ? ನನ್ನ ಕೈಲೆ ಊರೂರಿಗೆ ಫೋನ್ ಹಚ್ಚಿಸೀದಿ! ಆ ಮುದುಕ ಸೂಜಿ ಕಾಸಾಕ ಕುಂತಾನ. ಇಲ್ಲದ ಜಡ್ಡಿಗೆ ಮಗನ ಕೈ ಸುಡಸಾಕಿದ್ದೆಲ್ಲ!"

"ಜನಾ ಏನಂತಾರ ಅಂತ, ಅಕ್ಕ…"

"ಜನಾ ಅನ್ನೂದು ಯಾವಾಗರ ಬಿಟ್ಟೈತೇನ?" ಎನ್ನುತ್ತ ದೊಡ್ಡವ್ವ ಗಂಟು ಬಿಚ್ಚಿದರು. ಗುಳಿಗೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಇಟ್ಟರು. "ಯಾವುದು ಈಗಿಂದು? ನುಂಗಪಾ. ಹೊಟ್ಟಿಗೇನ ಹಾಕೀರಿ ಇವಗ? ನುಚ್ಚ? ಮಾರಿ ನೋಡ್ರಿ, ಒಣಗಿದ ಹೀರಿಕಾಯಿ ಆಗೇತಿ. ಏಳ ತಂಗಿ, ಬಾಣಲಿ ಇಡು."

ಬಹಳ ದಿನದ ಮೇಲೆ ನಮ್ಮ ಮನೆಯಲ್ಲಿ ಸಾಸಿವೆ ಸಿಡಿಯಿತು. ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಅವರು ತುತ್ತು ಎತ್ತುವಾಗ ಪಲ್ಯ ಅಂಗಿಯ ಮೇಲೆ ಬೀಳುತ್ತಿತ್ತು. ನಾನು ಎಂದಿನಂತೆ ಮುಖ ಆಚೆ ತಿರುಗಿಸಲು ಹೋದೆ. ದೊಡ್ಡವ್ವ ಮಾತ್ರ ನೆಟ್ಟಗೆ ನೋಡುತ್ತಲೇ, "ನಡಗಲಿ ಬಿಡು, ಕೈ ನಿಂದ ಐತಿ. ಉಣ್ಣು" ಎಂದರು. ಅವರು ಉಂಡರು. ಉಣ್ಣುತ್ತಲೇ ಅತ್ತರು. ದೊಡ್ಡವ್ವ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಆದರೆ ಸಂಜೆ ಎಂದಿನಂತೆಯೇ ಬಂತು, ಬೆವರೂ ಬಂತು. ಅವರು ಚಪ್ಪಲಿ ಮೆಟ್ಟಿ ಹೊಸ್ತಿಲಿಗೆ ಹೋದರು. ಅಂದು ದಾಟಿಯೂ ಬಿಟ್ಟರು. ನಾನು ಬತ್ತಿ ಬಿಟ್ಟು ಬಾಗಿಲಿಗೆ ಓಡಿ ಬಂದೆ. ದಾಟಿದವರು ಅಂಗಳದ ಕಟ್ಟೆಯ ಮೇಲೆ, ಹೋಗಿ ಬರುವವರಿಗೆಲ್ಲ ಕಾಣುವಂತೆ, ಎರಡೂ ಕೈ ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತರು.

ಗಿರಿಜಕ್ಕ ಕಾಮಣಿಗೆ ಒಳ್ಳೆಯದೆಂದು ಕಬ್ಬಿನ ಹಾಲಿನ ತಂಬಿಗೆ ಹಿಡಿದು ರಸ್ತೆ ದಾಟಿ ಬಂದರು. "ಹೊರಗ ಕುಂತೀರಲ್ರಿ ಅಣ್ಣಾರ! ಕಾಮಣಿ ಇಳೀತೇನ್ರಿ?"

"ಕಾಮಣಿ ಅಲ್ಲರಿ ಅಕ್ಕಾರ. ಕುಡಿಯೂದ ಬಿಟ್ಟೀನಿ" ಎಂದರು ಅವರು. ಎರಡನೇ ಸಲ ಹೇಳುವಾಗ ಮಾತು ಸ್ವಲ್ಪ ಸಲೀಸಾಗಿತ್ತು.

ಗಿರಿಜಕ್ಕ ತಂಬಿಗೆ ಹಿಡಿದುಕೊಂಡೇ ನಿಂತರು. ತಮ್ಮ ಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ದನಿ ಇಳಿಸಿ, "ವೈನಿ, ನಮ್ಮ ಯಜಮಾನ್ರಿಗೂ ಭಾಳ ದಿನದಿಂದ ಬೆನ್ನುಬ್ಯಾನಿ ರೀ. ಸಂಜಿಮುಂದ ಹೊರಗ ಹೋದ್ರ ಜೋರ ಆಕ್ಕೈತಿ. ಇಲ್ಲೇ ಅಣ್ಣಾರ ಹತ್ರ ಒಂದೀಟ ಕುಂದರಾಕ ಕಳಿಸ್ಲೇನ್ರಿ?" ಎಂದರು.

ಎಂಥ ಬೆನ್ನುಬೇನೆ ಎಂದು ನಾನು ಕೇಳಲಿಲ್ಲ. ಒಳಗೆ ಹೋಗಿ ಒಂದು ಕುರ್ಚಿ ತಂದು ಕಟ್ಟೆಯ ಪಕ್ಕ ಹಾಕಿದೆ.