ಬದಲಿಸಿಕೊಡದ ವಿಳಾಸ

ಕುವೈತಿನ ನಮ್ಮ ಬಳಗದಲ್ಲಿ ನನಗೆ ಫಾರ್ಮ್ ತುಂಬುವವನು ಎಂದೇ ಹೆಸರು. ಏಸಿ ರಿಪೇರಿ ನನ್ನ ಹೊಟ್ಟೆಪಾಡು, ಜನರ ಅರ್ಜಿ ತುಂಬುವುದು ನನ್ನ ದೊಡ್ಡಸ್ತಿಕೆ. ಅರಬ್ಬಿಯಲ್ಲಿ ಬರುವ ಆನ್‌ಲೈನ್ ಫಾರ್ಮ್ ಕಂಡರೆ ನಮ್ಮವರಲ್ಲಿ ಅರ್ಧ ಜನಕ್ಕೆ ಕೈಕಾಲು ಆಡುವುದಿಲ್ಲ. ಹಾಗಾಗಿ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಇಕಾಮಾ ಎಂಬ ವಾಸದ ಪರವಾನಗಿ, ಲೈಸೆನ್ಸು, ಮಕ್ಕಳ ಶಾಲೆ ಎಂದು ಯಾರಾದರೊಬ್ಬರು ನಮ್ಮ ಮನೆಗೆ ಬಂದು ಕೂರುತ್ತಿದ್ದರು. ನಾನು ನಿಧಾನವಾಗಿ ಚಹಾ ಕುಡಿದು ಅವರನ್ನು ಸ್ವಲ್ಪ ಕಾಯಿಸುತ್ತಿದ್ದೆ. ಕಾಯಿಸಿದರೆ ಬೆಲೆ ಬರುತ್ತದೆ ಎಂಬ ಸಣ್ಣ ಬುದ್ಧಿ ನನ್ನದು. ಅಷ್ಟು ಜನರ ಕೆಲಸ ಮಾಡಿಕೊಟ್ಟ ನಾನು ನಮ್ಮದೇ ಮನೆಯಲ್ಲಿದ್ದ ಒಬ್ಬನ ಲೈಸೆನ್ಸಿನ ವಿಳಾಸ ಬದಲಿಸಿಕೊಡಲಿಲ್ಲ.

ಅವನು ಉಡುಪಿ ಕಡೆಯ ಹುಡುಗ. ಹುಡುಗ ಎನ್ನುತ್ತೇನೆ, ಊರಿನಲ್ಲಿ ಹೆಂಡತಿ ಇದ್ದಳು, ಶಾಲೆಗೆ ಹೋಗುವ ಮಗನಿದ್ದ. ಶುವೈಖ್‌ನ ಒಂದು ಬಿಡಿಭಾಗಗಳ ಅಂಗಡಿಗೆ ವ್ಯಾನ್ ಓಡಿಸುತ್ತಿದ್ದ. ಅವನ ಇಕಾಮಾ ಇದ್ದದ್ದು ಬೇರೊಬ್ಬ ಕಫೀಲ್‌ನ, ಅಂದರೆ ವೀಸಾ ಕೊಡಿಸಿದ ಪ್ರಾಯೋಜಕನ ಹೆಸರಿನಲ್ಲಿ; ಆ ಯಜಮಾನನ ಮುಖವನ್ನು ಅವನು ಎರಡು ಸಲ ನೋಡಿದ್ದರೆ ಹೆಚ್ಚು. ಇಲ್ಲಿ ಸಂಸಾರವಂದಿಗರು ಗುರುತಿನ ಒಂಟಿ ಗಂಡಸರಿಗೆ ಮನೆಯ ಒಂದು ಕೋಣೆ ಬಿಟ್ಟುಕೊಡುವುದು ರೂಢಿ. ಮೈದಾನ್ ಹವಲ್ಲಿಯ ನಮ್ಮ ಹಳೆಯ ಫ್ಲ್ಯಾಟಿನಲ್ಲಿ ಹಾಗೆ ಬಂದವನು ಐದು ವರ್ಷದಲ್ಲಿ ನಮ್ಮವನೇ ಆಗಿಬಿಟ್ಟ. ನನ್ನ ಮಗಳನ್ನು ತುಳುವಿನಲ್ಲಿ ಮಾತನಾಡಿಸುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ನನ್ನ ಹೆಂಡತಿ ಮಾಡಿದ ಜೋಳದ ರೊಟ್ಟಿಯನ್ನು ಮೊದಮೊದಲು ಮೀನಿನ ಸಾರಿಲ್ಲದೆ ಹೇಗೆ ತಿನ್ನುವುದು ಎಂದು ತಮಾಷೆ ಮಾಡಿದವನು, ಆಮೇಲಾಮೇಲೆ ಎಣ್ಣೆಗಾಯಿಯ ಜೊತೆ ನಾಲ್ಕು ತಿನ್ನುತ್ತಿದ್ದ.

ಕಳೆದ ವರ್ಷ ನಾವು ಸಲ್ವಾಕ್ಕೆ ಮನೆ ಬದಲಿಸಿದೆವು. ಅವನೂ ಬಂದ. ಹೊಸ ಮನೆಯ ಮಾಲೀಕ ಮೊದಲ ದಿನವೇ ನನ್ನೆದುರು ಬೆರಳು ಆಡಿಸಿ, ಮನೆಯಲ್ಲಿ ಸಂಸಾರ ಮಾತ್ರ, ಒಂಟಿ ಗಂಡಸರು ಕೂಡದು ಎಂದಿದ್ದ. ನಾನು ತಲೆಯಾಡಿಸಿ, ಇವನನ್ನು ಹೆಂಡತಿಯ ತಮ್ಮ ಎಂದು ಕಾವಲುಗಾರನಿಗೆ ಹೇಳಿಟ್ಟಿದ್ದೆ. ನಮ್ಮ ಮೂವರ ವಿಳಾಸ ಒಂದೇ ವಾರದಲ್ಲಿ ಬದಲಾಯಿತು. ಅವನದನ್ನು ಬದಲಿಸಬೇಕಾದರೆ ಮಾಲೀಕನ ಸಹಿ ಬೇಕು. ಸಹಿ ಕೇಳಿದರೆ ಗುಟ್ಟು ರಟ್ಟು. ಇದನ್ನು ಅವನಿಗೆ ನೇರವಾಗಿ ಹೇಳಬಹುದಿತ್ತು. ಬೇರೆ ಯಾರಾದರೂ ಗೆಳೆಯರ ಮನೆಯ ವಿಳಾಸವಾದರೂ ಹಾಕಿಸಿಕೊಳ್ಳುತ್ತಿದ್ದ. ಆದರೆ ಫಾರ್ಮ್ ತುಂಬುವವನಿಗೆ ತನ್ನಿಂದ ಆಗದ ಕೆಲಸ ಇದೆ ಎಂದು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಸರ್ವರ್ ಡೌನ್ ಇದೆ ಎಂದೆ. ಇನ್ನೊಂದು ಸಲ ಕೇಳಿದಾಗ ಹಬ್ಬದ ರಜೆ ಎಂದೆ. ಏಳು ತಿಂಗಳು ಹೀಗೇ ಸುಳ್ಳು ಹೇಳಿದೆ.

ಅವನು ಕಾಗದಪತ್ರದ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಲೈಸೆನ್ಸು, ಇಕಾಮಾ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಒಂದು ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು ಮತ್ತೆ ಅದೇ ರಾಗ ತೆಗೆದ.

"ಅಣ್ಣ, ಆ ಲೈಸೆನ್ಸಿನ ಅಡ್ರೆಸ್ ಒಂದು ಮಾಡಿ ಕೊಡಿ ಮಾರಾಯ್ರೆ. ಹವಲ್ಲಿಯಲ್ಲಿ ಈಗ ನಮ್ಮವರು ಯಾರು ಉಂಟು? ಯಾರಾದ್ರೂ ನನ್ನನ್ನು ಹುಡ್ಕಿಕೊಂಡು ಹೋದ್ರೆ ಎಂತ ಮಾಡೂದು?"

ನನಗೆ ಆ ದಿನ ಕೆಲಸಕ್ಕೆ ತಡವಾಗಿತ್ತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು ಕೂಡ. ತಪ್ಪು ನಮ್ಮದಿದ್ದಾಗಲೇ ನಮಗೆ ಸಿಟ್ಟು ಜಾಸ್ತಿ.

"ನಿನ್ನ ಹುಡುಕೋರು ಯಾರದಾರೋ ತಮ್ಮಾ ಇಲ್ಲೆ? ಯಾವ ರಾಜಾ ನಿನಗ ಪತ್ರಾ ಬರಿಯಾಂವ ಅದಾನ? ದಿನಾ ಅದ ಹಾಡು. ಖಲಾಸ್, ಇನ್ನೊಮ್ಮೆ ಕೇಳಬ್ಯಾಡ."

ಅವನು ಕವರನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಇಳಿದು ಹೋದ.

ಅವತ್ತು ಸಂಜೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಮುನಿಸಿಕೊಂಡಾಗ ಫಹಾಹೀಲ್ ಕಡೆಯ ತನ್ನ ಊರಿನವರ ರೂಮಿಗೆ ಹೋಗಿ ಒಂದೆರಡು ದಿನ ಇದ್ದು ಬರುವುದು ಅವನಿಗೆ ಹೊಸದಲ್ಲ. ಶುಕ್ರವಾರ ಮಧ್ಯಾಹ್ನ ಹೆಂಡತಿ ತಟ್ಟೆ ಹಾಕುತ್ತಾ, "ಊಟಕ್ಕೂ ಬರಲಿಲ್ಲಲ್ರಿ. ಅವ್ರ ರೂಮಿಗರೆ ಫೋನ್ ಹಚ್ಚಿ ನೋಡ್ರಿ" ಎಂದಳು. ಆ ರೂಮಿನವರ ನಂಬರ್ ನನ್ನ ಬಳಿ ಇತ್ತು. "ಸಿಟ್ಟು ಇಳದ ಮ್ಯಾಲೆ ತಾನ ಬರ್ತಾನ. ನಾವ್ಯಾಕ ಕಾಲ ಹಿಡೀಬೇಕು?" ಎಂದು ಊಟಕ್ಕೆ ಕೂತೆ. ಶನಿವಾರವೂ ಅದೇ ಬಿಗುಮಾನ. ಆ ದಿನ ನಾನು ಎರಡು ಅರ್ಜಿ ತುಂಬಿಕೊಟ್ಟೆ ಎಂಬುದು ನೆನಪಿದೆ.

ಶುಕ್ರ, ಶನಿ ಎರಡು ದಿನದ ರಜೆ ಕಳೆದು ಭಾನುವಾರ ಶುವೈಖ್‌ನ ಅಂಗಡಿಯಿಂದ ಫೋನ್ ಬಂತು: ವ್ಯಾನೂ ಇಲ್ಲ, ಅವನೂ ಇಲ್ಲ. ಫಹಾಹೀಲ್‌ಗೆ ಫೋನ್ ಮಾಡಿದರೆ, ಅವನು ಬಂದೇ ಇಲ್ಲವಲ್ಲ ಎಂದರು. ಸಂಜೆಯವರೆಗೆ ಗೊತ್ತಿದ್ದವರನ್ನೆಲ್ಲ ಕೇಳಿ, ಸೋಮವಾರ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋದೆ.

ಠಾಣೆಯಲ್ಲಿದ್ದ ಅಧಿಕಾರಿ ಹೆಸರು ಕೇಳಿ ಕಂಪ್ಯೂಟರ್ ನೋಡಿದ. ಗುರುವಾರ ಸಂಜೆ ಶುವೈಖ್‌ನಿಂದ ಬರುವಾಗ ಅಪಘಾತ. ತಲೆಗೆ ಪೆಟ್ಟು, ಫೋನ್ ಪುಡಿಪುಡಿ. ಜೇಬಿನಲ್ಲಿದ್ದ ಲೈಸೆನ್ಸಿನ ವಿಳಾಸ ಹಿಡಿದು ಪೊಲೀಸರು ಎರಡು ಸಲ ಮೈದಾನ್ ಹವಲ್ಲಿಗೆ ಹೋಗಿದ್ದರು. ಹೊಸದಾಗಿ ಬಂದ ಬಾಡಿಗೆಯವರು ಫೋಟೊ ನೋಡಿ, ಇವರನ್ನು ಕಂಡೇ ಇಲ್ಲ ಎಂದಿದ್ದರು. ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋಗಿದ್ದ ಕಫೀಲ್ ಫೋನ್ ಎತ್ತಿರಲಿಲ್ಲ. ವ್ಯಾನಿನ ನಂಬರ್ ಹಿಡಿದು ಹೋದರೆ ರಜೆಗೆ ಅಂಗಡಿ ಮುಚ್ಚಿತ್ತು. ಎಲ್ಲವನ್ನೂ ಅರ್ಧ ಇಂಗ್ಲಿಷ್, ಅರ್ಧ ಅರಬ್ಬಿಯಲ್ಲಿ ಹೇಳಿದ ಅಧಿಕಾರಿ ಕೊನೆಗೆ ಆಸ್ಪತ್ರೆಯ ಹೆಸರು ಬರೆದುಕೊಟ್ಟ. ಬದುಕಿದ್ದಾನೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ಅದೇ ದಿನ ನಸುಕಿನಲ್ಲಿ ತೀರಿಕೊಂಡಿದ್ದ. ನಾನು ಹೋಗುವ ಹೊತ್ತಿಗೆ ಹಾಸಿಗೆಗೆ ಬೇರೆ ಚಾದರ ಹಾಸಿಯಾಗಿತ್ತು. ವಾರ್ಡಿನ ಮಲಯಾಳಿ ನರ್ಸ್, "ಭಾಯಿ, ಇತ್ನೇ ದಿನ್ ಕಹಾಂ ಥೇ ಆಪ್ ಲೋಗ್?" ಎಂದು ಕೇಳಿದಳು, ಇಷ್ಟು ದಿನ ನೀವೆಲ್ಲ ಎಲ್ಲಿದ್ದಿರಿ ಅಂತ. ಬೈಯುವ ದನಿಯಲ್ಲಿ ಕೇಳಿದ್ದರೆ ಒಳ್ಳೆಯದಿತ್ತು. ಮೊದಲ ಎರಡು ದಿನ ಅವನಿಗೆ ಆಗಾಗ ಎಚ್ಚರವಾಗುತ್ತಿತ್ತಂತೆ. ಏನೋ ಹೇಳುತ್ತಿದ್ದ, ಅವಳಿಗೆ ಆ ಭಾಷೆ ಬರುತ್ತಿರಲಿಲ್ಲ. ರೋಗಿಗಳನ್ನು ನೋಡಲು ಜನ ಬರುವ ಹೊತ್ತಿನಲ್ಲಿ ಕತ್ತು ಹೊರಳಿಸಿ ಬಾಗಿಲ ಕಡೆಗೇ ನೋಡುತ್ತಿದ್ದನಂತೆ. ಮೂರನೆಯ ದಿನದಿಂದ ಕಣ್ಣು ತೆರೆಯಲಿಲ್ಲ ಎಂದಳು. ಶುಕ್ರವಾರ ಆ ಹೊತ್ತಿನಲ್ಲಿ ನಾನು ಎಣ್ಣೆಗಾಯಿ ಊಟ ಮಾಡಿ ಮಲಗಿದ್ದೆ. ನಮ್ಮ ಮನೆಯಿಂದ ಆ ಆಸ್ಪತ್ರೆಗೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ.

ಶವವನ್ನು ಊರಿಗೆ ಕಳಿಸುವ ಕಾಗದಗಳನ್ನೆಲ್ಲ ನಾನೇ ತುಂಬಿದೆ. ಮಾಲೀಕನ ಮನೆಗೆ ಹೋಗಿ, ಆ ಕೋಣೆಯಲ್ಲಿ ಒಬ್ಬನಿದ್ದ ಎಂದು ಅವನು ಕೇಳುವ ಮೊದಲೇ ಹೇಳಿದೆ. ಅವನು ಕೇಳಿಸಿಕೊಂಡು, ದೇವರು ಒಳ್ಳೆಯದು ಮಾಡಲಿ ಎಂದ. ಏಳು ತಿಂಗಳು ನಾನು ಹೆದರಿದ್ದು ಈ ಮನುಷ್ಯನಿಗೆ. ಮೊದಲೇ ಕೇಳಿದ್ದರೆ ಸಹಿ ಹಾಕುತ್ತಿದ್ದನೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಇನ್ನೂ ಸುಡುತ್ತದೆ. ಮಗಳು ಅವನ ಕೋಣೆಯ ಬಾಗಿಲು ಮುಚ್ಚಲು ಬಿಡುತ್ತಿಲ್ಲ. ಹೆಂಡತಿ ನನ್ನನ್ನು ಒಂದು ಮಾತೂ ಅಂದಿಲ್ಲ, ಅದನ್ನು ಸಹಿಸುವುದೇ ಕಷ್ಟ. ಶುಕ್ರವಾರ ಬಂದವರಿಗೆ ಈಗ ಚಹಾ ಕೊಡುವ ಮೊದಲೇ ಫಾರ್ಮ್ ತುಂಬಿಕೊಡುತ್ತೇನೆ. ಆಗದಿದ್ದರೆ ಆಗದು ಎನ್ನುತ್ತೇನೆ.

ಅಂತ್ಯಕ್ರಿಯೆಯಾದ ವಾರಕ್ಕೆ ಅವನ ಹೆಂಡತಿ ಫೋನ್ ಮಾಡಿದಳು. ಎಲ್ಲ ಹೇಳಿಬಿಡಬೇಕು, ಸುಳ್ಳು, ಬೈಗುಳ, ಮೂರು ದಿನದ ಬಿಗುಮಾನ, ಎಲ್ಲವನ್ನೂ, ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಫೋನ್ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಅಣ್ಣ, ಒಂದೇ ಒಂದು ಕೇಳ್ತೇನೆ. ಆಸ್ಪತ್ರೆಯಲ್ಲಿ ನೀವು ಅವರ ಹತ್ರ ಇದ್ರಲ್ಲ?"

"ಇದ್ದೆವಮ್ಮಾ" ಎಂದೆ.

"ಅಷ್ಟು ಸಾಕು ಅಣ್ಣ. ನಾನು ಅದನ್ನೇ ಗ್ರಹಿಸ್ತಾ ಇದ್ದೆ. ಒಬ್ರೇ ಇರ್ಲಿಕ್ಕೆ ಅವರಿಗೆ ಆಗುದೇ ಇಲ್ಲ."